ಬೆಂಗಳೂರು ನೀಲಿ ದ್ರಾಕ್ಷಿಯ ವೈನ್: ಮನೆಯಲ್ಲಿ ಮೊದಲ ಐದು ಲೀಟರ್

ಕ್ರಿಸ್‌ಮಸ್ ಹತ್ತಿರವಾದಂತೆ ಒಂದು ಪಾಕ ಮನೆಯಿಂದ ಮನೆಗೆ ಓಡಾಡತೊಡಗುತ್ತದೆ. ಒಂದು ಕೆಜಿ ಕಪ್ಪು ದ್ರಾಕ್ಷಿ, ಒಂದು ಕೆಜಿ ಸಕ್ಕರೆ, ಒಂದೂವರೆ ಲೀಟರ್ ನೀರು, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಒಂದು ತುಂಡು ಚಕ್ಕೆ, ಒಂದು ಚಮಚ ಬ್ರೆಡ್ ಯೀಸ್ಟ್. ಭರಣಿಗೆ ತುಂಬಿ 21 ದಿನ ಇಡಿ, ಸೋಸಿ, ಕುಡಿಯಿರಿ. ಹಬ್ಬದ ಸಿಹಿ ಪಾನೀಯವಾಗಿ ಇದಕ್ಕೆ ಅದರದೇ ಸ್ಥಾನವಿದೆ. ವೈನ್ ಮಾಡುವುದನ್ನು ಹವ್ಯಾಸವಾಗಿ ಕಲಿಯಹೊರಟವರು ಮಾತ್ರ ಈ ಪಾಕದ ಲೆಕ್ಕವನ್ನೊಮ್ಮೆ ಬಿಡಿಸಿ ನೋಡಬೇಕು.

ಒಂದು ಕೆಜಿ ದ್ರಾಕ್ಷಿಯಿಂದ ಸುಮಾರು 650 ಮಿ.ಲೀ. ರಸ ಬರುತ್ತದೆ, ಅದರಲ್ಲಿ ನೂರು ಗ್ರಾಂಗೆ ಸ್ವಲ್ಪ ಮೇಲೆ ಸಕ್ಕರೆ ಇರುತ್ತದೆ. ಮೇಲಿಂದ ಹಾಕಿದ್ದು ಒಂದು ಕೆಜಿ. ನೀರೂ ಕರಗಿದ ಸಕ್ಕರೆಯೂ ಸೇರಿ ದ್ರವ ಹೆಚ್ಚೆಂದರೆ 2.8 ಲೀಟರ್ ಆದೀತು. ಅಂದರೆ ಲೀಟರಿಗೆ 400 ಗ್ರಾಂ ಸಕ್ಕರೆ. ಒಂದು ಲೀಟರಿನಲ್ಲಿ ಶೇ. 1 ಮದ್ಯಸಾರ ಹುಟ್ಟಲು ಯೀಸ್ಟಿಗೆ ಬೇಕಾದ ಸಕ್ಕರೆ ಸುಮಾರು 17 ಗ್ರಾಂ. ಶೇ. 12ರ ಮಟ್ಟ ತಲುಪಿ ಯೀಸ್ಟ್ ಸೋತು ನಿಂತಾಗ ಖರ್ಚಾಗಿರುವುದು 200 ಗ್ರಾಂ ಚಿಲ್ಲರೆ. ಮಿಕ್ಕಿದ್ದೆಲ್ಲ ಬಾಟಲಿಯಲ್ಲೇ ಉಳಿಯುತ್ತದೆ. ಅಷ್ಟು ಸಿಹಿಯ ಅಡಿಯಲ್ಲಿ ದ್ರಾಕ್ಷಿಯ ಸ್ವಂತ ರುಚಿ ಗುರುತೇ ಸಿಗುವುದಿಲ್ಲ. ಗೋಧಿಯಿಂದಲೂ ಹೇಳಿಕೊಳ್ಳುವ ಲಾಭವಿಲ್ಲ: ಯೀಸ್ಟಿಗೆ ಪಿಷ್ಟವನ್ನು ಒಡೆಯಲು ಬರುವುದಿಲ್ಲ, ಆ ಪಿಷ್ಟ ವೈನನ್ನು ಮಬ್ಬಾಗಿಸುತ್ತದೆ ಅಷ್ಟೆ.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಸಕ್ಕರೆಯನ್ನು ಕಣ್ಣಂದಾಜಿನಲ್ಲಿ ಹಾಕುವುದಿಲ್ಲ, ಅಳೆದು ಹಾಕುತ್ತೇವೆ. ನೀರು ಬಹುಪಾಲು ಬೇಡವೇ ಬೇಡ.

ಮೊದಲು ಕಾನೂನು

ಕರ್ನಾಟಕದಲ್ಲಿ ಮದ್ಯ ತಯಾರಿಕೆ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಗೆ ಒಳಪಟ್ಟದ್ದು. ‘ಮನೆ ಬಳಕೆಗೆ ಮಾತ್ರ’ ಎಂದ ಮಾತ್ರಕ್ಕೆ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಶುರುಮಾಡುವ ಮುನ್ನ ನಿಮ್ಮ ಊರಿನ ಅಬಕಾರಿ ಕಚೇರಿಯಲ್ಲಿ ವಿಚಾರಿಸಿ. ಪರವಾನಗಿ ಇಲ್ಲದೆ ಮಾರುವುದಂತೂ ಸ್ಪಷ್ಟ ಅಪರಾಧ. ಗುಜರಾತ್, ಬಿಹಾರದಂಥ ಪಾನನಿಷೇಧದ ರಾಜ್ಯಗಳಲ್ಲೂ ಸೌದಿ, ಕುವೈತ್‌ನಂಥ ದೇಶಗಳಲ್ಲೂ ಇರುವವರು ಈ ಹವ್ಯಾಸದ ಹತ್ತಿರ ಹೋಗಬಾರದು. ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಸುಲಭ: ಅಲ್ಲಿನ ಫೆಡರಲ್ ಕಾನೂನು ಸ್ವಂತ ಬಳಕೆಗೆಂದು ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ವೈನ್ ಮಾಡಲು ಬಿಡುತ್ತದೆ, ರಾಜ್ಯದ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಇನ್ನೊಂದು ಮಾತು: ಹುದುಗಿಸಿದ್ದನ್ನು ಎಂದೂ ಭಟ್ಟಿ ಇಳಿಸಬೇಡಿ. ದ್ರಾಕ್ಷಿ ಹುದುಗುವಾಗ ಸಿಪ್ಪೆಯ ಪೆಕ್ಟಿನ್ ಎಂಬ ಲೋಳೆ ಅಂಶದಿಂದ ಮೆಥನಾಲ್ ಎಂಬ ವಿಷದ ಮದ್ಯಸಾರ ಅಲ್ಪ ಪ್ರಮಾಣದಲ್ಲಿ ಹುಟ್ಟುವುದು ಸಹಜ, ವೈನಿನಲ್ಲಿ ಆ ಪ್ರಮಾಣದಿಂದ ಅಪಾಯವಿಲ್ಲ. ಬಟ್ಟಿ ಇಳಿಸುವ ಕೆಲಸದಲ್ಲಿ ವಿಷದ ಭಯವೂ ಬೆಂಕಿಯ ಭಯವೂ ಇವೆ, ಶಿಕ್ಷೆಯೂ ಕಠಿಣ.

ಹಣ್ಣು

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ, ಅಂದರೆ ಮಾರುಕಟ್ಟೆಯವರು ‘ಬೆಂಗಳೂರು ಬ್ಲೂ’ ಅಥವಾ ‘ಬೀಜದ ಕಪ್ಪು ದ್ರಾಕ್ಷಿ’ ಎನ್ನುವ ಹಣ್ಣು, ಕಲಿಯುವವರಿಗೆ ಒಳ್ಳೆಯದು. ಭೌಗೋಳಿಕ ಸೂಚಕ ಪಡೆದ ತಳಿ ಇದು. ಅಗ್ಗ, ವರ್ಷಕ್ಕೆ ಎರಡು ಬೆಳೆ, ಬಣ್ಣ ಗಾಢ, ಪರಿಮಳ ಜೋರು. ಫ್ರಾನ್ಸ್, ಇಟಲಿಯ ವೈನ್ ದ್ರಾಕ್ಷಿಗಳು ವಿಟಿಸ್ ವಿನಿಫೆರಾ ಜಾತಿಯವು. ಇದರಲ್ಲಿ ಅಮೆರಿಕ ಮೂಲದ ಲಬ್ರುಸ್ಕಾ ಜಾತಿಯ ರಕ್ತವಿದೆ. ಮೂರು ಗುಣಗಳಿಗೆ ಅದೇ ಕಾರಣ: ಹುಳಿ ಹೆಚ್ಚು, ಸಕ್ಕರೆ ವೈನಿಗೆ ಸಾಲದಷ್ಟು ಕಡಿಮೆ, ಒತ್ತಿದರೆ ತಿರುಳು ಲೋಳೆಯ ಉಂಡೆಯಾಗಿ ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಮೂರನ್ನೇ ಸಂಭಾಳಿಸುತ್ತಿರುತ್ತೇವೆ. ಇದರ ವೈನ್ ಫ್ರಾನ್ಸಿನ ಕ್ಯಾಬರ್ನೆ ದ್ರಾಕ್ಷಿಯ ವೈನಿನಂತೆ ಆಗಲೆಂದು ಕಾಯಬೇಡಿ. ಇದಕ್ಕೆ ತನ್ನದೇ ಘಮವಿದೆ, ಅದೇ ಇದರ ಸೊಗಸು.

ವಿಜಯಪುರದ ಕಡೆಯ ಬೀಜರಹಿತ ಹಸಿರು ದ್ರಾಕ್ಷಿ ತಿನ್ನಲು, ಒಣದ್ರಾಕ್ಷಿಗೆ ಚೆಂದ. ಅದರ ವೈನ್ ಸಪ್ಪೆ, ಮೊದಲ ಸಲಕ್ಕೆ ಬೇಡ.

ವರ್ಷದ ಮೊದಲ ತಿಂಗಳುಗಳಲ್ಲಿ ಹಣ್ಣು ಧಾರಾಳ. ಹಾಪ್‌ಕಾಮ್ಸ್‌ನವರು ದ್ರಾಕ್ಷಿ–ಕಲ್ಲಂಗಡಿ ಮೇಳ ನಡೆಸುವುದೂ ಬೇಸಿಗೆ ಕಾಲಿಡುವ ಈ ಹೊತ್ತಿನಲ್ಲೇ. ಹತ್ತು ಕೆಜಿ ಕೊಳ್ಳಿ. ಗೊಂಚಲಿನಲ್ಲಿ ಕೆಂಪು, ಹಸಿರು ಕಾಯಿ ಬೆರೆತಿದ್ದರೆ ಬಿಟ್ಟುಬಿಡಿ: ಬೆಂಗಳೂರು ನೀಲಿ ಒಂದೇ ಸಮ ಹಣ್ಣಾಗುವ ತಳಿಯಲ್ಲ, ಹಸಿರು ಕಾಯಿಯ ಹುಳಿಯನ್ನು ಆಮೇಲೆ ಪೂರ್ತಿ ತೆಗೆಯುವುದೂ ಕಷ್ಟ. ಬೀಜ ಕಂದು ಬಣ್ಣಕ್ಕೆ ತಿರುಗಿದ್ದು, ಸಿಪ್ಪೆ ಇದ್ದಿಲ ಕಪ್ಪಾಗಿದ್ದು, ತಿಂದರೆ ಸಿಹಿಯೇ ಮುಂದೆ ಬರುವ ಹಣ್ಣು ಬೇಕು.

ಸಾಮಾನು

ಮೊದಲ ಹಂತಕ್ಕೆ 15ರಿಂದ 16 ಲೀಟರಿನ ಆಹಾರ ದರ್ಜೆಯ ಪ್ಲಾಸ್ಟಿಕ್ ಬಕೆಟ್ ಅಥವಾ ಸ್ಟೀಲ್ ಪಾತ್ರೆ ಸಾಕು. ಬಣ್ಣದ ಡಬ್ಬ ತೊಳೆದು ಬಳಸಬೇಡಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಕಬ್ಬಿಣ ಯಾವುದೂ ಕೂಡದು, ದ್ರಾಕ್ಷಿಯ ಹುಳಿ ಲೋಹವನ್ನು ಕರಗಿಸುತ್ತದೆ. ಹಳೆಯ ಉಪ್ಪಿನಕಾಯಿ ಭರಣಿಯೂ ಬೇಡ. ಮೆರುಗಿನಲ್ಲಿ ಸೀಸವಿರಬಹುದು, ಎಣ್ಣೆ–ಇಂಗಿನ ವಾಸನೆಯಂತೂ ಹೋಗುವುದೇ ಇಲ್ಲ.

ಎರಡನೆಯ ಹಂತಕ್ಕೆ ಐದು ಲೀಟರಿನ ಕಿರಿದಾದ ಕತ್ತಿನ ಗಾಜಿನ ಜಾಡಿ, ಜೊತೆಗೆ 750 ಮಿ.ಲೀ.ನ ಒಂದು ಬಾಟಲಿ. ಜಾಡಿಯ ಬಾಯಿಗೆ ಏರ್‌ಲಾಕ್ ಬೇಕು: ಒಳಗಿನ ಅನಿಲ ನೀರಿನ ಮೂಲಕ ಗುಳುಗುಳು ಎಂದು ಹೊರಹೋಗುತ್ತದೆ, ಹೊರಗಿನ ಗಾಳಿ ಒಳಬರುವುದಿಲ್ಲ. ಸಿಗದಿದ್ದರೆ ಮೀನಿನ ತೊಟ್ಟಿಗೆ ಹಾಕುವ ತೆಳು ಪೈಪಿನ ಹೊಸ ತುಂಡನ್ನು ರಬ್ಬರ್ ಬಿರಡೆಯಲ್ಲಿ ಬಿಗಿಯಾಗಿ ತೂರಿಸಿ, ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿ. ಕೆಲಸ ಅದೇ. ಹುದುಗುತ್ತಿರುವ ಜಾಡಿಯ ಮುಚ್ಚಳವನ್ನು ಯಾವತ್ತೂ ಬಿಗಿದು ಮುಚ್ಚಬೇಡಿ, ಗಾಜು ಸಿಡಿಯುತ್ತದೆ.

ದ್ರವದ ಸಾಂದ್ರತೆ ನೀರಿನ ಎಷ್ಟು ಪಟ್ಟು ಎಂದು ತೋರಿಸುವ ಹೈಡ್ರೋಮೀಟರ್ ಕೊಳ್ಳಲೇಬೇಕು: ನೀರಿಗೆ 1.000, ಸಕ್ಕರೆ ಹೆಚ್ಚಿದಷ್ಟೂ ಅಂಕ ಹೆಚ್ಚು. 0.990ರಿಂದ 1.120ರವರೆಗೆ ಅಳೆಯುವಂಥದ್ದು, ಅದರ ಉದ್ದನೆಯ ಗಾಜಿನ ನಳಿಕೆಯೊಂದಿಗೆ. ಹಾಲಿನ ಲ್ಯಾಕ್ಟೋಮೀಟರ್ ಮನೆಯಲ್ಲಿದೆಯೆಂದು ಅದನ್ನೇ ಬಳಸಲು ಹೋಗಬೇಡಿ. ಅದರ ಅಳತೆ 1.040ಕ್ಕೇ ಮುಗಿಯುತ್ತದೆ, ದ್ರಾಕ್ಷಿ ರಸ ಶುರುವಾಗುವುದೇ 1.065ರ ಮೇಲೆ.

ಉಳಿದಂತೆ: 0.1 ಗ್ರಾಂ ತೂಗುವ ಪುಟ್ಟ ತಕ್ಕಡಿ, ಮೆಡಿಕಲ್ ಶಾಪಿನ ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್, ಒಂದೂವರೆ ಮೀಟರ್ ಮೆದು ಪೈಪ್, ತೆಳುವಾದ ಹತ್ತಿ ಬಟ್ಟೆ, ಥರ್ಮಾಮೀಟರ್. ಹಾಕುವ ಪದಾರ್ಥಗಳಲ್ಲಿ ಮುಖ್ಯವಾದವು ವೈನ್ ಯೀಸ್ಟ್ ಮತ್ತು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಎರಡನೆಯದು ಮನೆಯಲ್ಲಿ ಸ್ಕ್ವಾಷ್ ಮಾಡುವವರು ಹಾಕುವ ಕೆಎಂಎಸ್. ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಸಿಕ್ಕಿದರೆ ಬೆಂಗಳೂರು ನೀಲಿಯ ಲೋಳೆಗೆ ಬಹಳ ಉಪಕಾರಿ.

ಯೀಸ್ಟಿಗೆ ಪೋಷಕಾಂಶವಾಗಿ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹಾಕುತ್ತಾರೆ. ಇದು ಆಹಾರ ದರ್ಜೆಯದೇ ಆಗಿರಬೇಕು. ಗೊಬ್ಬರದ ಅಂಗಡಿಯ ಡಿಎಪಿ ಹೆಸರಿನಲ್ಲಷ್ಟೇ ಒಂದು. ಅದರಲ್ಲಿ ಕ್ಯಾಡ್ಮಿಯಂನಂಥ ಭಾರ ಲೋಹಗಳಿರುತ್ತವೆ. ಯೂರಿಯಾ ಅಂತೂ ಮುಟ್ಟಲೇಬೇಡಿ: ಅದು ಮದ್ಯಸಾರದೊಂದಿಗೆ ಸೇರಿ ಎಥೈಲ್ ಕಾರ್ಬಮೇಟ್ ಎಂಬ ಹಾನಿಕಾರಕ ವಸ್ತುವನ್ನು ಹುಟ್ಟಿಸುತ್ತದೆ.

ಕೆಎಂಎಸ್ ದ್ರಾವಣ, ಶುಚಿ

ರಸಕ್ಕೆ ಬೇಕಾಗುವ ಕೆಎಂಎಸ್ ಲೀಟರಿಗೆ 0.1 ಗ್ರಾಂ. ಅಷ್ಟನ್ನು ಮನೆಯ ತಕ್ಕಡಿ ನೆಚ್ಚುವಂತೆ ತೂಗಲಾರದು. ಅದಕ್ಕೆ 10 ಗ್ರಾಂ ಕೆಎಂಎಸ್ ಅನ್ನು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಒಟ್ಟು 100 ಮಿ.ಲೀ. ಮಾಡಿಕೊಳ್ಳಿ. ಈಗ ಒಂದು ಮಿ.ಲೀ.ನಲ್ಲಿ ಸರಿಯಾಗಿ 0.1 ಗ್ರಾಂ ಇದೆ. ಒಂದು ಲೀಟರ್ ರಸಕ್ಕೆ ಸಿರಿಂಜಿನಿಂದ ಒಂದು ಮಿ.ಲೀ. ಹಾಕಿದರೆ 50 ಪಿಪಿಎಂಗೆ ತುಸು ಮೇಲೆ ಗಂಧಕದ ಡೈಆಕ್ಸೈಡ್ ಸಿಗುತ್ತದೆ, ಅಷ್ಟೇ ಬೇಕಾದದ್ದು. ದ್ರಾವಣವನ್ನು ಪ್ರತಿ ಸಲ ಹೊಸದಾಗಿ ಮಾಡಿ, ಇಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ.

ಪಾತ್ರೆ, ಪೈಪ್, ಸೌಟು, ಬಟ್ಟೆ ಎಲ್ಲವನ್ನೂ ಮೊದಲು ಚೆನ್ನಾಗಿ ತೊಳೆದು, ಸೋಪಿನ ಅಂಶ ಪೂರ್ತಿ ಹೋಗುವಂತೆ ಜಾಲಿಸಿ. ಆಮೇಲೆ ಒಂದು ಲೀಟರ್ ನೀರಿಗೆ 10 ಗ್ರಾಂ ಕೆಎಂಎಸ್, 10 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿದ ದ್ರಾವಣದಲ್ಲಿ ಅದ್ದಿ ತೆಗೆದು ಸೋರಲು ಬಿಡಿ. ಇದರ ಘಾಟು ಮೂಗಿಗೆ ಬಲವಾಗಿ ಹೊಡೆಯುತ್ತದೆ. ಕಿಟಕಿ ತೆರೆದಿಟ್ಟು ಮಾಡಿ, ಆಸ್ತಮಾ ಇರುವವರು ದೂರವಿರಲಿ. ಸಲ್ಫೈಟ್ ಒಗ್ಗದವರಿಗೆ ಈ ವೈನ್ ಕೊಡಲೂ ಬಾರದು.

ಮೊದಲ ದಿನ: ಬಿಡಿಸು, ತೊಳೆ, ಹಿಸುಕು

ದ್ರಾಕ್ಷಿ ತೋಟಗಳಲ್ಲಿ ಬೂದಿ ರೋಗಕ್ಕೆ ಗಂಧಕ ಸಿಂಪಡಿಸುತ್ತಾರೆ. ಅದು ಸಿಪ್ಪೆಯ ಮೇಲೆ ಉಳಿದಿದ್ದರೆ ಹುದುಗುವಾಗ ಕೊಳೆತ ಮೊಟ್ಟೆಯ ನಾತವಾಗುತ್ತದೆ. ಹಣ್ಣನ್ನು ಎರಡು–ಮೂರು ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಹರಡಿ ನೀರಾರಲು ಬಿಡಿ. ತೊಳೆದರೆ ಸಿಪ್ಪೆಯ ಮೇಲಿನ ಕಾಡು ಯೀಸ್ಟ್ ಹೋಗುತ್ತದೆಂಬ ಚಿಂತೆ ಬೇಡ, ನಮ್ಮ ಯೀಸ್ಟನ್ನು ನಾವು ಹಾಕುತ್ತೇವೆ.

ತೊಟ್ಟಿನಿಂದ ಹಣ್ಣು ಬಿಡಿಸಿ. ಕೊಳೆತದ್ದು, ಒಡೆದು ಹುಳಿತದ್ದು, ಬೂಸಲು ಹಿಡಿದದ್ದನ್ನು ಎಸೆಯಿರಿ. ಸ್ವಲ್ಪ ಅನುಮಾನ ಬಂದರೂ ಎಸೆಯಿರಿ. ಹಸಿರು ತೊಟ್ಟು ಉಳಿದರೆ ವೈನ್ ಕಹಿ. ಹತ್ತು ಕೆಜಿಯಲ್ಲಿ ಒಂಬತ್ತು–ಒಂಬತ್ತೂವರೆ ಕೆಜಿ ಉಳಿಯುತ್ತದೆ.

ಬಕೆಟಿನಲ್ಲಿ ಹಾಕಿ ಕೈಯಿಂದ ಹಿಸುಕಿ. ಪ್ರತಿ ಹಣ್ಣೂ ಒಡೆಯಬೇಕು. ಮಿಕ್ಸಿ ಬೇಡ: ಬೀಜ ಅರೆದರೆ ಅದರ ಎಣ್ಣೆ, ಒಗರು ರಸಕ್ಕಿಳಿಯುತ್ತದೆ, ಎಷ್ಟು ತಿಂಗಳು ಇಟ್ಟರೂ ಆ ಒಗರು ಮೆದುವಾಗದು. ಸಿಪ್ಪೆಯನ್ನು ತೆಗೆಯಬೇಡಿ, ಕೆಂಪು ಬಣ್ಣವಿರುವುದು ಅದರಲ್ಲೇ.

ಈ ಹಣ್ಣಿನಲ್ಲಿ ರಸ ಸುಮಾರು ಆರು ಲೀಟರ್ ಎಂದು ಲೆಕ್ಕ ಹಿಡಿಯಿರಿ. 6 ಮಿ.ಲೀ. ಕೆಎಂಎಸ್ ದ್ರಾವಣ ಹಾಕಿ ಚೆನ್ನಾಗಿ ಕಲಕಿ, ಬಟ್ಟೆ ಕಟ್ಟಿ ಒಂದು ದಿನ ಬಿಡಿ. ಪೆಕ್ಟಿನೇಸ್ ಇದ್ದರೆ ಹನ್ನೆರಡು ಗಂಟೆ ಕಳೆದ ಮೇಲೆ ಪೊಟ್ಟಣದ ಮೇಲೆ ಹೇಳಿದಷ್ಟು ಹಾಕಿ. ಕೆಎಂಎಸ್ ಜೊತೆಗೇ ಹಾಕಿದರೆ ಕಿಣ್ವದ ಬಲ ಕುಂದುತ್ತದೆ. ಆ ಒಂದು ದಿನದಲ್ಲಿ ಕೆಎಂಎಸ್ ಕಾಡು ಯೀಸ್ಟನ್ನೂ ಬ್ಯಾಕ್ಟೀರಿಯಾವನ್ನೂ ಹತ್ತಿಕ್ಕುತ್ತದೆ, ಆಮೇಲೆ ಅದರ ತೀಕ್ಷ್ಣತೆ ಇಳಿದು ನಮ್ಮ ಯೀಸ್ಟಿಗೆ ಜಾಗವಾಗುತ್ತದೆ.

ಸಕ್ಕರೆ

ಎರಡನೆಯ ದಿನ ಬಕೆಟನ್ನು ಚೆನ್ನಾಗಿ ಕಲಕಿ, ಒಂದು ಲೋಟ ರಸವನ್ನು ಬಟ್ಟೆಯಲ್ಲಿ ಸೋಸಿ ನಳಿಕೆಗೆ ಸುರಿದು ಹೈಡ್ರೋಮೀಟರ್ ಇಳಿಬಿಡಿ. ಮೆಲ್ಲಗೆ ತಿರುಗಿಸಿದರೆ ಅಂಟಿದ ಗುಳ್ಳೆ ಬಿಡುತ್ತದೆ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ಹೆಚ್ಚಿನ ಹೈಡ್ರೋಮೀಟರ್‌ಗಳನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ರಸ 30 ಡಿಗ್ರಿ ಇದ್ದರೆ ಬಂದ ಅಂಕಕ್ಕೆ 0.002 ಕೂಡಿಸಿಕೊಳ್ಳಿ.

ನಮ್ಮ ಗುರಿ 1.088. ಇದು ಪೂರ್ತಿ ಹುದುಗಿದರೆ ಶೇ. 12ರ ಆಸುಪಾಸಿನ ವೈನ್ ಆಗುತ್ತದೆ. ಬೆಂಗಳೂರು ನೀಲಿ ಸಾಮಾನ್ಯವಾಗಿ 1.065ರಿಂದ 1.075ರ ನಡುವೆ ನಿಲ್ಲುತ್ತದೆ. 1.075 ಬಂದರೆ ಲೀಟರ್ ರಸಕ್ಕೆ 40 ಗ್ರಾಂ, 1.070 ಬಂದರೆ 55 ಗ್ರಾಂ, 1.065 ಬಂದರೆ 70 ಗ್ರಾಂ ಸಕ್ಕರೆ ಬೇಕು. ರಸ ಆರು ಲೀಟರ್, ಅಂಕ 1.070 ಎಂದಾದರೆ 330 ಗ್ರಾಂ. ಹಬ್ಬದ ಪಾಕದ ಪ್ರಕಾರ ಇದೇ ಹಣ್ಣಿಗೆ ಒಂಬತ್ತು ಕೆಜಿಗೂ ಮೇಲೆ ಸಕ್ಕರೆ ಬೀಳುತ್ತಿತ್ತು.

ಬರಿಯ ಬಿಳಿ ಸಕ್ಕರೆ ಸಾಕು. ಬೆಲ್ಲ ಹಾಕಿದರೆ ಬೆಲ್ಲದ ರುಚಿಯೇ ಮುಂದಾಗುತ್ತದೆ. ಒಂದು ಲೀಟರ್ ರಸ ಬೇರೆ ತೆಗೆದು ಅದರಲ್ಲಿ ಸಕ್ಕರೆ ಪೂರ್ತಿ ಕರಗಿಸಿ ಬಕೆಟಿಗೆ ಸುರಿದು ಕಲಕಿ, ಮತ್ತೆ ಅಳೆಯಿರಿ. ಬಂದ ಅಂಕವನ್ನು ದಿನಾಂಕದೊಂದಿಗೆ ಬರೆದಿಡಿ. ಕೊನೆಯಲ್ಲಿ ಮದ್ಯಸಾರ ತಿಳಿಯುವುದು ಇದರಿಂದಲೇ. ಮೊದಲ ಅಂಕದಿಂದ ಕೊನೆಯ ಅಂಕ ಕಳೆದು 131 ರಿಂದ ಗುಣಿಸಿದರೆ ಶೇಕಡಾವಾರು ಮದ್ಯಸಾರ ಸಿಗುತ್ತದೆ.

ಈಗ ರಸದ ರುಚಿ ನೋಡಿ. ಸಿಹಿಯ ಹಿಂದೆಯೇ ಹಲ್ಲು ಚುಳ್ಳೆನ್ನುವಷ್ಟು ಹುಳಿ ಇದ್ದರೆ ಮಾತ್ರ ಕುದಿಸಿ ಆರಿಸಿದ ಅರ್ಧ ಲೀಟರ್ ನೀರು ಸೇರಿಸಿ, ಆ ನೀರಿನ ಪಾಲಿಗೆಂದು 130 ಗ್ರಾಂ ಸಕ್ಕರೆ ಬೇರೆಯಾಗಿ ಹಾಕಿ. ಅದಕ್ಕಿಂತ ಹೆಚ್ಚು ನೀರು ಹಾಕಿದರೆ ಬಣ್ಣ, ಮೈ ಎರಡೂ ತೆಳುವಾಗುತ್ತವೆ.

ಯೀಸ್ಟ್

ಬ್ರೆಡ್ ಯೀಸ್ಟ್ ಹುದುಗಿಸದೆ ಇರುವುದಿಲ್ಲ. ಆದರೆ ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಮದ್ಯಸಾರ ಏರಿದಂತೆ ಸಿಹಿ ಉಳಿದಿರುವಾಗಲೇ ಕೈಚೆಲ್ಲುತ್ತದೆ, ಹಿಟ್ಟಿನ ವಾಸನೆಯನ್ನೂ ಬಿಡುತ್ತದೆ. ಐದು ಗ್ರಾಂನ ಒಂದು ಪೊಟ್ಟಣ ವೈನ್ ಯೀಸ್ಟ್ ಇಪ್ಪತ್ತು ಲೀಟರಿಗೂ ಸಾಕಾಗುತ್ತದೆ. ಲಾಲ್ವಿನ್ ಇಸಿ–1118 ತುಂಬ ಗಟ್ಟಿಮುಟ್ಟು, ಶೇ. 18ರವರೆಗೂ ತಡೆದುಕೊಳ್ಳುತ್ತದೆ, ಎಂಥ ಹೊಸಬರ ಕೈಯಲ್ಲೂ ಮುಗಿಸಿಕೊಡುತ್ತದೆ. ಆದರೆ ಈ ಹಣ್ಣಿಗೆ ಅದೇ ಕಂಪನಿಯ 71ಬಿ ಹೆಚ್ಚು ಒಪ್ಪುತ್ತದೆ: ದ್ರಾಕ್ಷಿಯ ಮ್ಯಾಲಿಕ್ ಹುಳಿಯಲ್ಲಿ ಒಂದಷ್ಟು ಪಾಲನ್ನು ಅದು ತಾನೇ ತಿಂದು ಮುಗಿಸುತ್ತದೆ, ಹಣ್ಣಿನ ಘಮವನ್ನೂ ಉಳಿಸುತ್ತದೆ. ಎರಡೂ ಸಿಕ್ಕಿದರೆ 71ಬಿ ಹಾಕಿ.

50 ಮಿ.ಲೀ. ನೀರನ್ನು 38–40 ಡಿಗ್ರಿಗೆ ಬಿಸಿಮಾಡಿ, ಥರ್ಮಾಮೀಟರಿನಲ್ಲಿ ನೋಡಿಯೇ. ಯೀಸ್ಟ್ ಉದುರಿಸಿ ಹದಿನೈದು–ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಒಂದೆರಡು ಚಮಚ ರಸ ಬೆರೆಸಿ, ಎರಡರ ಶಾಖ ಹತ್ತಿರವಾದ ಮೇಲೆ ಬಕೆಟಿಗೆ ಸುರಿಯಿರಿ. ಶಾಖದ ಅಂತರ ಹತ್ತು ಡಿಗ್ರಿ ಮೀರಿದರೆ ಯೀಸ್ಟ್ ಆಘಾತಕ್ಕೆ ಸಾಯುತ್ತದೆ.

ಹುದುಗುವ ವಾರ

ಒಂದು ದಿನದೊಳಗೆ ಬುರುಗು ಕಾಣಿಸಿಕೊಂಡು, ಸಿಪ್ಪೆಯೆಲ್ಲ ಮೇಲೇರಿ ದಪ್ಪ ಕೆನೆಯ ಹಾಗೆ ಕಟ್ಟಿಕೊಳ್ಳುತ್ತದೆ. ಬಕೆಟಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಬೇಕಾದದ್ದು ಇದಕ್ಕೇ. ಈ ಪದರವನ್ನು ದಿನಕ್ಕೆ ಮೂರು ಸಲ ಶುಚಿಯಾದ ಸೌಟಿನಿಂದ ಕೆಳಕ್ಕೊತ್ತಿ ಮುಳುಗಿಸಿ. ಒಂದು ದಿನ ಮರೆತರೂ ಮೇಲ್ಭಾಗ ಒಣಗಿ ವಿನೆಗರ್ ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ. ಬಣ್ಣವೂ ಒಗರೂ ಸಿಪ್ಪೆಯಿಂದ ರಸಕ್ಕೆ ಇಳಿಯುವುದೂ ಈ ಮುಳುಗಿಸುವಿಕೆಯಿಂದಲೇ. ಬಕೆಟಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಿರಿ. ಹಣ್ಣಿನ ನೊಣವೊಂದು ಒಳಹೊಕ್ಕರೆ ವಿನೆಗರ್ ಬ್ಯಾಕ್ಟೀರಿಯಾವನ್ನು ಕಾಲಲ್ಲೇ ಹೊತ್ತು ತರುತ್ತದೆ.

ಡಿಎಪಿ ಇದ್ದರೆ ಬುರುಗು ಎದ್ದ ದಿನ 1.5 ಗ್ರಾಂ, ಅಂಕ 1.060ರ ಹತ್ತಿರ ಬಂದಾಗ ಮತ್ತೆ 1.5 ಗ್ರಾಂ. ಒಣ ಪುಡಿಯನ್ನು ನೇರ ಸುರಿದರೆ ನೊರೆ ಉಕ್ಕಿ ಹೊರಚೆಲ್ಲುತ್ತದೆ, ಸ್ವಲ್ಪ ನೀರಿನಲ್ಲಿ ಕರಗಿಸಿ ಹಾಕಿ.

ಶಾಖ 20ರಿಂದ 28 ಡಿಗ್ರಿ ಇದ್ದರೆ ಹಿತ. ಬೆಂಗಳೂರು, ಮೈಸೂರು, ಮಡಿಕೇರಿಯ ಮನೆಯೊಳಗೆ ಇದಕ್ಕೆ ಹೆಚ್ಚೇನೂ ಮಾಡಬೇಕಿಲ್ಲ. ಮಂಗಳೂರು, ಕಾರವಾರ, ಕಲಬುರಗಿಯ ಬೇಸಿಗೆಯಲ್ಲಿ ಕೋಣೆಯೇ 32 ದಾಟಿರುತ್ತದೆ, ಹುದುಗುವ ರಸ ಅದಕ್ಕಿಂತ ಇನ್ನೂ ಬಿಸಿ. ಆ ಶಾಖದಲ್ಲಿ ಘಮ ಹಾರಿಹೋಗುತ್ತದೆ, ಗಂಟಲು ಸುಡುವ ಒರಟು ಮದ್ಯಸಾರಗಳು ಹುಟ್ಟುತ್ತವೆ, ಯೀಸ್ಟ್ ಅರ್ಧಕ್ಕೇ ನಿಂತೂಬಿಡಬಹುದು. ಬಕೆಟನ್ನು ದೊಡ್ಡ ಟಬ್ಬಿನ ನೀರಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ, ಬೆಳಗ್ಗೆ ಸಂಜೆ ಟಬ್ಬಿಗೆ ಮಂಜುಗಟ್ಟಿಸಿದ ನೀರಿನ ಬಾಟಲಿಯೊಂದನ್ನು ಇಳಿಬಿಟ್ಟರೆ ನಾಲ್ಕೈದು ಡಿಗ್ರಿ ಇಳಿಯುತ್ತದೆ.

ದಿನಾ ಅಳೆದು ಬರೆದಿಡಿ. ಐದರಿಂದ ಏಳು ದಿನದಲ್ಲಿ ಅಂಕ 1.020ಕ್ಕೆ ಇಳಿಯುತ್ತದೆ. 1.020ರಿಂದ 1.010ರ ನಡುವೆ ಹಿಂಡಬೇಕು.

ಹಿಂಡಿ ಜಾಡಿಗೆ ತುಂಬುವುದು

ಬಟ್ಟೆ ಹಾಸಿದ ಜರಡಿಯಲ್ಲಿ ಮೊದಲು ತಾನಾಗಿ ಸೋರುವ ರಸವನ್ನೆಲ್ಲ ಇಳಿಸಿಕೊಳ್ಳಿ. ಆಮೇಲೆ ಸ್ವಲ್ಪ ಸ್ವಲ್ಪ ಸಿಪ್ಪೆ ಬಟ್ಟೆಗೆ ತೆಗೆದುಕೊಂಡು ಹಿತವಾಗಿ ಹಿಂಡಿ. ಕೊನೆಯ ಹನಿಯವರೆಗೂ ಹಿಂಡಬೇಡಿ, ಆ ಹನಿಗಳಲ್ಲಿ ಗಸಿ, ಕಹಿಯೇ ಹೆಚ್ಚು.

ಐದು ಲೀಟರಿನ ಜಾಡಿಗೆ ತುಂಬಿ, ಉಳಿದದ್ದು ಚಿಕ್ಕ ಬಾಟಲಿಗೆ. ಎರಡಕ್ಕೂ ಏರ್‌ಲಾಕ್. ಮೊದಲ ಎರಡು ದಿನ ನೊರೆ ಬರುತ್ತದಾದ್ದರಿಂದ ನಾಲ್ಕು ಬೆರಳು ಖಾಲಿ ಬಿಟ್ಟು, ನೊರೆ ಇಳಿದ ಮೇಲೆ ಚಿಕ್ಕ ಬಾಟಲಿಯಿಂದ ತುಂಬಿಸಿ ಎರಡು ಬೆರಳಿಗೆ ತನ್ನಿ. ಈ ಹಂತದಿಂದ ಮುಂದೆ ಗಾಳಿಯೇ ವೈರಿ. ಅರ್ಧ ತುಂಬಿದ ಜಾಡಿಯಲ್ಲಿ ಒಳ್ಳೆಯ ವೈನ್ ಉಳಿಯುವುದಿಲ್ಲ, ಇದೊಂದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೆಳಕು ಬೀಳದ, ಶಾಖ ಏರಿಳಿಯದ ಮೂಲೆಯಲ್ಲಿಡಿ.

ಮೂರು ವಾರದಲ್ಲಿ ಗುಳ್ಳೆ ನಿಲ್ಲುತ್ತದೆ. ಗುಳ್ಳೆ ನಿಂತಿತೆಂದು ಮುಗಿಯಿತೆನ್ನಬೇಡಿ, ಬಿರಡೆ ಸೋರುತ್ತಿದ್ದರೂ ಗುಳ್ಳೆ ಕಾಣುವುದಿಲ್ಲ. ಅಂಕ 0.992ರಿಂದ 0.998ರೊಳಗೆ ಬಂದು ವಾರ ಕಳೆದರೂ ಕದಲದಿದ್ದರೆ ಮುಗಿದಂತೆ. 1.088ರಿಂದ 0.996ಕ್ಕೆ ಇಳಿದಿದ್ದರೆ ನಿಮ್ಮ ವೈನ್ ಶೇ. 12.

ತಿಳಿ ಬಸಿಯುವುದು

ತಳದಲ್ಲಿ ಬೆರಳು ದಪ್ಪ ಗಸಿ ಕೂತಿರುತ್ತದೆ. ಸತ್ತ ಯೀಸ್ಟ್ ಅದರಲ್ಲೇ ಕೊಳೆಯತೊಡಗಿದರೆ ವೈನಿಗೆ ಕೆಟ್ಟ ವಾಸನೆ ಬರುತ್ತದೆ. ಜಾಡಿಯನ್ನು ಹಿಂದಿನ ದಿನವೇ ಮೇಜಿನ ಮೇಲೆತ್ತಿಟ್ಟು, ಪೈಪಿನ ಒಂದು ತುದಿ ಗಸಿಯಿಂದ ಎರಡು ಬೆರಳು ಮೇಲೆ, ಇನ್ನೊಂದು ತುದಿ ಕೆಳಗಿನ ಪಾತ್ರೆಯ ತಳಕ್ಕೆ ಮುಟ್ಟುವಂತೆ ಹಿಡಿದು ಹರಿಸಿ. ಬಾಯಿಂದ ಎಳೆಯಬೇಡಿ: ಪೈಪಿನಲ್ಲಿ ಮೊದಲೇ ಶುದ್ಧ ನೀರು ತುಂಬಿ ತುದಿಯನ್ನು ಬೆರಳಲ್ಲಿ ಮುಚ್ಚಿ ಇಳಿಬಿಟ್ಟರೆ ತಾನೇ ಹರಿಯುತ್ತದೆ, ಆ ನೀರನ್ನು ಬೇರೆ ಲೋಟಕ್ಕೆ ಬಿಟ್ಟುಬಿಡಿ. ವೈನ್ ಚಿಮ್ಮಬಾರದು, ಸದ್ದಿಲ್ಲದೆ ಇಳಿಯಬೇಕು.

ಲೀಟರಿಗೆ ಒಂದು ಮಿ.ಲೀ. ಕೆಎಂಎಸ್ ದ್ರಾವಣ ಬೆರೆಸಿ, ಜಾಡಿ ತೊಳೆದು ಮತ್ತೆ ತುಂಬಿ. ಕಡಿಮೆಯಾದದ್ದನ್ನು ಚಿಕ್ಕ ಬಾಟಲಿಯಿಂದ ತುಂಬಿಸಿ. ಎರಡು ತಿಂಗಳ ನಂತರ ಇನ್ನೊಮ್ಮೆ ಬಸಿಯಿರಿ, ಈ ಸಲ ಕೆಎಂಎಸ್ ಅರ್ಧ ಸಾಕು. ಫ್ರಿಜ್ಜಿನಲ್ಲಿ ಜಾಗವಿದ್ದರೆ ಎರಡು ವಾರ ಒಳಗಿಡಿ. ಗಾಜಿನ ಗೋಡೆಗೆ ಸಕ್ಕರೆ ಹರಳಿನಂಥದ್ದು ಕಟ್ಟಿಕೊಳ್ಳುತ್ತದೆ. ಅದು ದ್ರಾಕ್ಷಿಯ ಟಾರ್ಟಾರಿಕ್ ಹುಳಿಯ ಲವಣ, ನಿರುಪದ್ರವಿ. ಅದು ಹರಳಾದಷ್ಟೂ ವೈನಿನ ಹುಳಿ ಇಳಿಯುತ್ತದೆ, ಬೆಂಗಳೂರು ನೀಲಿಗೆ ಇದರಿಂದ ಒಳ್ಳೆಯದೇ.

ಸಿಹಿ ಬೇಕೆನ್ನುವವರಿಗೆ, ಬಾಟಲಿಗೆ ತುಂಬುವ ಮುನ್ನ

ಪೂರ್ತಿ ಹುದುಗಿದ ವೈನಿನಲ್ಲಿ ಸಿಹಿಯೇ ಇರುವುದಿಲ್ಲ. ಈ ಹಣ್ಣಿನ ಹುಳಿಗೆ ಸ್ವಲ್ಪ ಸಿಹಿ ಒಪ್ಪುತ್ತದೆಂಬುದೂ ನಿಜ. ಲೀಟರಿಗೆ 20ರಿಂದ 40 ಗ್ರಾಂ ಸಕ್ಕರೆ ಸಾಕು. ಆದರೆ ಸಕ್ಕರೆಯನ್ನಷ್ಟೇ ಹಾಕಿ ಬಾಟಲಿ ಮುಚ್ಚಿದರೆ ಉಳಿದ ಯೀಸ್ಟ್ ಎದ್ದು ಒಳಗೆ ಅನಿಲ ತುಂಬಿ ಬಾಟಲಿ ಒಡೆಯುತ್ತದೆ. ವೈನ್ ತಿಳಿಯಾದ ಮೇಲೆ ಲೀಟರಿಗೆ 0.2 ಗ್ರಾಂ ಪೊಟ್ಯಾಸಿಯಂ ಸಾರ್ಬೇಟ್, ಅರ್ಧ ಮಿ.ಲೀ. ಕೆಎಂಎಸ್ ದ್ರಾವಣ ಎರಡೂ ಸೇರಿಸಿ, ಮರುದಿನ ಸಕ್ಕರೆ ಹಾಕಿ, ಏರ್‌ಲಾಕ್ ಇಟ್ಟು ಹತ್ತು ದಿನ ನೋಡಿ. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಹೆಚ್ಚದಂತೆ ತಡೆಯುತ್ತದೆ ಅಷ್ಟೇ; ಅದಕ್ಕೇ ಹುದುಗುತ್ತಿರುವ ವೈನನ್ನು ಅದರಿಂದ ನಿಲ್ಲಿಸಲಾಗದು.

ಸಿಹಿ ಬೇಡದವರು ನಾಲ್ಕನೇ ತಿಂಗಳಿಗೆ ಲೀಟರಿಗೆ ಅರ್ಧ ಮಿ.ಲೀ. ಕೆಎಂಎಸ್ ಹಾಕಿ ತುಂಬಬಹುದು. ಕಾರ್ಕ್ ಒತ್ತುವ ಯಂತ್ರಕ್ಕೆ ಹಣ ಹಾಕುವ ಅಗತ್ಯವಿಲ್ಲ, ತಿರುಪು ಮುಚ್ಚಳದ ಬಾಟಲಿಗಳೇ ಚೆನ್ನ. ಆರು ತಿಂಗಳಿಗೆ ಕುಡಿಯಲು ಹದವಾಗುತ್ತದೆ. ಈ ತಳಿಯ ವೈನ್ ಬಹುಕಾಲ ಇಟ್ಟು ಬೆಳೆಸುವಂಥದ್ದಲ್ಲ, ಎರಡು ವರ್ಷದೊಳಗೆ ಮುಗಿಸಿ. ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡಿ.

ಏನಾದರೂ ಕೆಟ್ಟರೆ

ಎರಡು ದಿನವಾದರೂ ಹುದುಗದಿದ್ದರೆ ಯೀಸ್ಟ್ ಹಳೆಯದಿರಬಹುದು, ಬಿಸಿನೀರಿಗೆ ಸತ್ತಿರಬಹುದು, ಇಲ್ಲವೇ ಕೆಎಂಎಸ್ ಹೆಚ್ಚಾಗಿರಬಹುದು. ರಸವನ್ನು ಎತ್ತರದಿಂದ ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿಯಾಡಿಸಿ, ಹೊಸ ಪೊಟ್ಟಣ ನೆನೆಸಿ ಹಾಕಿ.

1.030ರ ಹತ್ತಿರ ಬಂದು ನಿಂತರೆ ಸಾಮಾನ್ಯವಾಗಿ ಸೆಕೆಯೇ ಕಾರಣ. ಶಾಖವನ್ನು 24ಕ್ಕೆ ಇಳಿಸಿ. ಇಸಿ–1118 ಅನ್ನು ನೆನೆಸಿ ಒಂದು ಲೋಟ ರಸದಲ್ಲಿ ಹುದುಗಲು ಬಿಡಿ, ಅದು ಬುರುಗೆದ್ದ ಮೇಲೆ ಇನ್ನೊಂದು ಲೋಟ, ಹೀಗೆ ದುಪ್ಪಟ್ಟು ಮಾಡುತ್ತ ಹೋಗಿ ಕೊನೆಗೆ ಇಡೀ ರಸಕ್ಕೆ ಸೇರಿಸಿ. ನಿಂತ ರಸಕ್ಕೆ ಒಣ ಯೀಸ್ಟ್ ಉದುರಿಸಿದರೆ ಅಲ್ಲಿನ ಮದ್ಯಸಾರಕ್ಕೆ ಅದು ಏಳುವುದೇ ಇಲ್ಲ.

ಕೊಳೆತ ಮೊಟ್ಟೆಯ ವಾಸನೆ ಗಂಧಕದಿಂದಲೋ ಪೋಷಕಾಂಶದ ಕೊರತೆಯಿಂದಲೋ ಬರುತ್ತದೆ. ಹುದುಗುವ ಹೊತ್ತಿನಲ್ಲೇ ತಿಳಿದರೆ ಡಿಎಪಿ ಹಾಕಿ, ಗಾಳಿಯಾಡುವಂತೆ ಒಮ್ಮೆ ಸುರಿದು ಬಸಿಯಿರಿ. ಬೇಗ ಮಾಡಿದರೆ ಪೂರ್ತಿ ಹೋಗುತ್ತದೆ, ತಿಂಗಳು ಬಿಟ್ಟರೆ ಹೋಗುವುದು ಕಷ್ಟ.

ಮೇಲೆ ತೆಳ್ಳಗೆ ಬಿಳಿ ಪೊರೆ ಕಂಡರೆ ಜಾಡಿಯಲ್ಲಿ ಗಾಳಿಯಿದೆ ಎಂದರ್ಥ. ಪೊರೆಯ ಅಡಿಯಿಂದ ಬಸಿದು, ಕೆಎಂಎಸ್ ಹಾಕಿ, ಕತ್ತಿನವರೆಗೆ ತುಂಬಿ. ಪೊರೆ ತೆಳುವಿರುವಾಗ ಮಾಡಿದರೆ ವೈನ್ ಉಳಿಯುತ್ತದೆ. ಹಸಿರು, ಕಪ್ಪು ಬೂಸಲು ಬಂದಿದ್ದರೆ ಚೆಲ್ಲಿಬಿಡಿ.

ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ, ಮೂಗಿಗೆ ಚುಚ್ಚುವ ಹುಳಿ ಬಂದರೆ ವಿನೆಗರ್ ಬ್ಯಾಕ್ಟೀರಿಯಾ ಹೊಕ್ಕಿದೆ. ಮದ್ದಿಲ್ಲ. ಬರೀ ಹುಳಿಯಾಗಿದ್ದರೆ ಅಗಲ ಬಾಯಿಯ ಪಾತ್ರೆಗೆ ಹಾಕಿ ಬಟ್ಟೆ ಕಟ್ಟಿ ಒಳ್ಳೆಯ ದ್ರಾಕ್ಷಿ ವಿನೆಗರ್ ಮಾಡಿಕೊಳ್ಳಿ. ಆ ಪಾತ್ರೆಯನ್ನು ಮತ್ತೆ ವೈನಿಗೆ ಬಳಸಬೇಡಿ, ಅದೇ ಕೋಣೆಯಲ್ಲೂ ಇಡಬೇಡಿ.

ನಾಲ್ಕು ತಿಂಗಳಾದರೂ ಮಬ್ಬು ಹೋಗದಿದ್ದರೆ ಬಹುತೇಕ ಅದು ಪೆಕ್ಟಿನ್. ಒಂದು ಚಮಚ ವೈನಿಗೆ ನಾಲ್ಕು ಚಮಚ ಸ್ಪಿರಿಟ್ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಲೋಳೆಯ ಎಳೆ ಕಟ್ಟಿದರೆ ಪೆಕ್ಟಿನ್ನೇ. ಆ ಮಾದರಿಯನ್ನು ಕುಡಿಯದೆ ಚೆಲ್ಲಿ. ಈಗಲೂ ಪೆಕ್ಟಿನೇಸ್ ಹಾಕಬಹುದು, ಆದರೆ ಮದ್ಯಸಾರದ ನಡುವೆ ಅದು ನಿಧಾನ, ಪ್ರಮಾಣ ದುಪ್ಪಟ್ಟು ಬೇಕು.

ದ್ರಾಕ್ಷಿಯ ನಂತರ

ಇದೇ ಕ್ರಮ ನೇರಳೆ, ಅನಾನಸ್, ಗೇರುಹಣ್ಣಿಗೂ ನಡೆಯುತ್ತದೆ, ಲೆಕ್ಕ ಮಾತ್ರ ಬೇರೆ. ದ್ರಾಕ್ಷಿ ಬಿಟ್ಟು ಉಳಿದ ಹಣ್ಣುಗಳಲ್ಲಿ ಸಕ್ಕರೆಯೂ ಯೀಸ್ಟಿನ ಪೋಷಕಾಂಶವೂ ಕಡಿಮೆ, ಆದ್ದರಿಂದ ಡಿಎಪಿ ಬಿಡುವಂತಿಲ್ಲ. ಅನಾನಸಿನಲ್ಲಿ ಒಗರಿಲ್ಲ, ಐದು ಲೀಟರಿಗೆ ಒಂದು ಲೋಟ ಗಟ್ಟಿ ಕಪ್ಪು ಚಹಾ ಡಿಕಾಕ್ಷನ್ ಹಾಕಿದರೆ ಮೈ ಬರುತ್ತದೆ. ಗೇರುಹಣ್ಣಿನಲ್ಲಿ ಒಗರು ಅತಿ, ರಸ ತೆಗೆದ ದಿನವೇ ಜಿಲಾಟಿನ್ ಬೆರೆಸಿ ತಳಕ್ಕೆ ಕೂರಿಸಿ ತಿಳಿ ಬಸಿದುಕೊಳ್ಳಬೇಕು. ಕಿತ್ತ ಹಣ್ಣು ಒಂದು ದಿನದಲ್ಲೇ ಕೆಡುವುದರಿಂದ ತೋಟದ ಹತ್ತಿರ ಇರುವವರಷ್ಟೇ ಇದಕ್ಕೆ ಕೈಹಾಕಲಿ. ಕೊಡಗಿನವರು ಮಾಡುವ ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸಿನ ವೈನ್‌ಗಳಲ್ಲಿ ಸಕ್ಕರೆಯೆಲ್ಲ ಹೊರಗಿನದೇ, ಹುಳಿಯೂ ನಿಂಬೆಯಿಂದಲೇ ಬರಬೇಕು. ಅಲ್ಲಿ ಹೈಡ್ರೋಮೀಟರ್ ಇಲ್ಲದೆ ಹೆಜ್ಜೆಯಿಡುವುದೇ ಬೇಡ: ಒಂದು ಲೀಟರ್ ಒಟ್ಟು ದ್ರವಕ್ಕೆ 210 ಗ್ರಾಂ ಸಕ್ಕರೆ ಎಂದು ಶುರುಮಾಡಿ, ಕರಗಿಸಿ ಅಳೆದು, 1.085ಕ್ಕೂ 1.090ಕ್ಕೂ ನಡುವೆ ತಂದು ನಿಲ್ಲಿಸಿ.